ಕೆ.ಆರ್. ಮಾರ್ಕೆಟ್ಟಿನ ಹೂವು, ನಮ್ಮ ಕಣ್ಣು, ಕ್ಯಾಮೆರಾ

ಬೆಂಗಳೂರಿನ ಕೆ.ಆರ್. ಮಾರ್ಕೆಟ್ಟಿನ ಹೂವಿನ ಅಂಗಡಿಗಳನ್ನು ಮೇಲಿನ ಮಹಡಿಯಿಂದ ಬಗ್ಗಿ ನೋಡಿದರೆ, ಎತ್ತ ಕ್ಯಾಮೆರಾ ತಿರುಗಿಸಿದರೂ ಒಳ್ಳೆ ಫೋಟೋ ಸಿಗುತ್ತೆ ಅನ್ನಿಸುತ್ತದೆ. ಚೆಂಡುಹೂವಿನ ಗುಡ್ಡೆ, ಸೇವಂತಿಗೆ ಮೂಟೆ, ಕನಕಾಂಬರ, ಗುಲಾಬಿ, ನಡುನಡುವೆ ನೀಲಿ ಟಾರ್ಪಾಲು. ಆದರೆ ಬಣ್ಣ ಜಾಸ್ತಿಯಾದಷ್ಟೂ ಫ್ರೇಮ್ ಕಟ್ಟುವುದು ಕಷ್ಟ. ಎಲ್ಲ ಬಣ್ಣವೂ ಒಟ್ಟಿಗೆ ಕರೆದರೆ ಕಣ್ಣು ಎಲ್ಲಿ ನಿಲ್ಲಬೇಕು? ಅದಕ್ಕೇ ನಾನು ಮೊದಲು ನೋಡುವುದು ಹೂವಿನ ಪಕ್ಕ ಏನಿದೆ ಅಂತ.

ಹಾರ ಕಟ್ಟುವವರಿಗೆ ಇದು ಚೆನ್ನಾಗಿ ಗೊತ್ತು. ಅಲ್ಲೊಬ್ಬರು ಅಮ್ಮ ಗುಲಾಬಿ ಹಾರದಲ್ಲಿ ನಾಲ್ಕು ಹೂವಿಗೊಮ್ಮೆ ಒಂದು ಕುಡಿ ಮರುಗ ಸೇರಿಸುತ್ತಿದ್ದರು. ಯಾಕಮ್ಮಾ ಅಂದೆ. "ಬರೀ ಕೆಂಪೇ ಇದ್ರೆ ಸಪ್ಪೆ ಸಾರ್. ಹಸಿರು ಸೇರಿದ್ರೇನೇ ಕೆಂಪು ಎದ್ದು ಕಾಣೋದು" ಅಂದರು. ಪ್ಯಾರಿಸ್ಸಿನ ಗೋಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ಕೆಲಸ ನೋಡಿಕೊಳ್ಳುತ್ತಿದ್ದ ರಸಾಯನ ವಿಜ್ಞಾನಿ ಶೆವ್ರಲ್ 1839ರಲ್ಲಿ ಬರೆದು ತೋರಿಸಿದ್ದೂ ಇದನ್ನೇ. ಕಪ್ಪು ನೂಲು ಮಂಕಾಗಿದೆ ಅಂತ ಅವರಿಗೆ ದೂರು ಬಂದಿತ್ತು. ಪರೀಕ್ಷೆ ಮಾಡಿದರೆ ಬಣ್ಣ ಸರಿಯಾಗೇ ಇತ್ತು. ಪಕ್ಕದಲ್ಲಿ ನೇಯ್ದ ನೂಲಿನ ಬಣ್ಣದಿಂದಾಗಿ ಕಪ್ಪು ಹಾಗೆ ಕಾಣುತ್ತಿತ್ತು.

ಚೆಂಡುಹೂವಿನ ಕಿತ್ತಳೆಗೆ ನೀಲಿ ಟಾರ್ಪಾಲು ಇದೇ ಕೆಲಸ ಮಾಡುತ್ತದೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ಗುಡ್ಡೆಯ ಹಿಂದೆ ಟಾರ್ಪಾಲಿನ ಒಂದು ಪಟ್ಟಿ ಬರುವ ಹಾಗೆ ನಿಲ್ಲುತ್ತೇನೆ. ಪಟ್ಟಿ ಅಷ್ಟೇ. ನೀಲಿಯೂ ಸಮಪಾಲು ಜಾಗ ಕೇಳಿದರೆ ಎರಡೂ ಜಗಳಕ್ಕೆ ಬೀಳುತ್ತವೆ. ಹೀಗೆ ತೆಗೆದರೆ ಆಮೇಲೆ ಸ್ಯಾಚುರೇಷನ್ (ಬಣ್ಣದ ಗಾಢತೆ) ಏರಿಸುವ ಗೋಜೇ ಇರುವುದಿಲ್ಲ.

ಹಳದಿಯದು ಬೇರೆ ಕಥೆ. ನಮಗೆ ಬೆಳಕಿನ ಅಂದಾಜು ಸಿಗುವುದು ಹೆಚ್ಚಾಗಿ ಕೆಂಪು, ಹಸಿರು ಬೆಳಕಿಗೆ ಸ್ಪಂದಿಸುವ, ಕಣ್ಣಿನೊಳಗಿನ ಕೋನ್ ಕೋಶಗಳಿಂದ. ನೀಲಿಯ ಪಾಲು ತೀರಾ ಕಡಿಮೆ. ಹಳದಿ ಆ ಎರಡನ್ನೂ ಒಟ್ಟಿಗೆ ತಟ್ಟುತ್ತದೆ, ಹಾಗಾಗಿ ಬಿಳಿಯ ಹತ್ತಿರ ಹತ್ತಿರ ಬೆಳಗುತ್ತದೆ. ಫ್ರೇಮಿನ ಮೂಲೆಯಲ್ಲಿ ಒಂದು ಹಿಡಿ ಹಳದಿ ಸೇವಂತಿಗೆ ಉಳಿದರೂ ನೋಡುವವರ ಕಣ್ಣು ಅಲ್ಲಿಗೇ ಓಡುತ್ತೆ. ಒಂದೋ ಅದನ್ನು ಫ್ರೇಮಿನಿಂದ ಆಚೆ ಬಿಡುತ್ತೇನೆ, ಇಲ್ಲವೇ ಅದನ್ನೇ ಮುಖ್ಯ ಮಾಡುತ್ತೇನೆ. ಇದನ್ನು ಪತ್ತೆ ಹಚ್ಚಲು ರಾ ಫೈಲಿನಲ್ಲಿ (ಕ್ಯಾಮೆರಾ ಕಂಡದ್ದನ್ನು ಹಾಗೇ ಉಳಿಸುವ ಫೈಲು) ತೆಗೆಯುತ್ತಲೇ ಕ್ಯಾಮೆರಾ ಪರದೆಯನ್ನು ಕಪ್ಪು-ಬಿಳುಪಿಗೆ ಇಟ್ಟುಕೊಳ್ಳುತ್ತೇನೆ. ಫೈಲಿನಲ್ಲಿ ಬಣ್ಣ ಹಾಗೇ ಇರುತ್ತೆ, ಪರದೆಯಲ್ಲಿ ಮಾತ್ರ ಬೆಳಕು-ನೆರಳು. ಬಣ್ಣದಲ್ಲಿ ಅಷ್ಟು ಬೇರೆಯಾಗಿ ಕಾಣುವ ಕೆಂಪು ಗುಲಾಬಿ ಮತ್ತು ಅದರ ಎಲೆ ಕೆಲವೊಮ್ಮೆ ಒಂದೇ ಬೂದಿಯಾಗಿ ಬೆರೆತುಬಿಡುತ್ತವೆ. ಆಗ ಬೆಳಕು ಓರೆಯಾಗಿ ಬೀಳುವ ಕಡೆ ಹೋಗಿ ನಿಲ್ಲುತ್ತೇನೆ.

ಬೆಳಗಿನ ಜಾವ ನನಗೆ ಇನ್ನೂ ಇಷ್ಟ. ದೀಪ ಸರಿಯಾಗಿ ತಾಕದ ಮೂಲೆಯಲ್ಲಿ ಕೆಂಪು ಗುಲಾಬಿ ಕಪ್ಪಾಗಿ, ಎಲೆ ತಿಳಿಯಾಗಿ ಕಾಣುತ್ತದೆ. ಮಬ್ಬಿನಲ್ಲಿ ಕೆಲಸ ಮಾಡುವ ರಾಡ್ ಕೋಶಗಳಿಗೆ ಕೆಂಪು ಬೆಳಕು ಹೆಚ್ಚುಕಮ್ಮಿ ತಿಳಿಯುವುದೇ ಇಲ್ಲ. ಇದನ್ನು ಪುರ್ಕಿಂಜೆ ಪರಿಣಾಮ ಅನ್ನುತ್ತಾರೆ. ಕ್ಯಾಮೆರಾಗೆ ಇದು ಗೊತ್ತಿಲ್ಲ, ಅದು ಗುಲಾಬಿಯನ್ನು ಕೆಂಪಗೇ ತೋರಿಸುತ್ತದೆ. ನಾನು ಕಂಡ ಜಾವ ಫೋಟೋದಲ್ಲಿ ಬರಬೇಕಾದರೆ ಎಕ್ಸ್‌ಪೋಷರ್ (ಕ್ಯಾಮೆರಾ ಒಳಬಿಡುವ ಬೆಳಕು) ಕಡಿಮೆ ಮಾಡಿ, ಆಮೇಲೆ ಕೆಂಪನ್ನು ಸ್ವಲ್ಪ ಕುಗ್ಗಿಸಬೇಕು. ಬೆಳಕಿನ ಬಣ್ಣಕ್ಕೆ ತಕ್ಕ ಹಾಗೆ ಫೋಟೋದ ಬಣ್ಣ ಸರಿದೂಗಿಸುವ ವೈಟ್ ಬ್ಯಾಲೆನ್ಸ್ ಆಟೋದಲ್ಲಿ ಬಿಡುವುದಿಲ್ಲ, ಹಳದಿ ಬಲ್ಬಿಗೂ ಹಗಲಿಗೂ ನಡುವಿನ 4000 ಕೆಲ್ವಿನ್ ಹತ್ತಿರ ನಿಲ್ಲಿಸುತ್ತೇನೆ. ಹಳದಿ ಬಲ್ಬು ಬೆಚ್ಚಗೆ, ಆಕಾಶ ನೀಲಿಯಾಗಿ ಉಳಿಯುತ್ತವೆ. ಕಣ್ಣು ಬಲ್ಬಿನ ಬಣ್ಣಕ್ಕೆ ಒಗ್ಗಿಕೊಂಡು ಈ ಅಂತರವನ್ನು ಅಳಿಸಿಹಾಕಿರುತ್ತೆ. ಫೋಟೋದಲ್ಲಿ ಅದು ಸಿಕ್ಕಾಗ ಖುಷಿಯಾಗುತ್ತದೆ.

ಬಿಸಿಲೇರಿದ ಮೇಲೆ ಹಿಸ್ಟೋಗ್ರಾಮಿನಲ್ಲಿ (ಫೋಟೋದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಕೆಂಪು ಚಾನೆಲ್, ಅಂದರೆ ಕೆಂಪಿನ ಪಾಲು, ಬೇರೆಯಾಗಿ ನೋಡಲೇಬೇಕು. ಒಟ್ಟು ಹಿಸ್ಟೋಗ್ರಾಮ್ ಸರಿಯಾಗಿ ಕಂಡರೂ ಚೆಂಡುಹೂವಿನಲ್ಲಿ ಕೆಂಪು ತುಂಬಿ ಹರಿದು ಎಸಳೆಲ್ಲ ಒಂದೇ ಮುದ್ದೆಯಾಗಿರುತ್ತೆ. ಬೆಳಕನ್ನು ಒಂದು ಸ್ಟಾಪಿನ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ) ಮೂರನೇ ಎರಡರಷ್ಟು ಇಳಿಸಿದರೆ ಎಸಳಿನ ಅಂಚು ಸಾಮಾನ್ಯವಾಗಿ ಉಳಿಯುತ್ತದೆ.

ಮನೆಗೆ ಬಂದು ಎಡಿಟ್ ಮಾಡುವಾಗ ಪರದೆಯ ಹಿನ್ನೆಲೆ ನಡುಬೂದಿ ಬಣ್ಣದ್ದೇ ಇರಬೇಕು. ಕಪ್ಪು ಹಿನ್ನೆಲೆಯಲ್ಲಿ ಫೋಟೋ ಇದ್ದದ್ದಕ್ಕಿಂತ ಬೆಳಕಾಗಿ ಕಾಣುತ್ತೆ, ಪ್ರಿಂಟ್ ಹಾಕಿಸಿದರೆ ಕತ್ತಲು. ರಾತ್ರಿ ಹೊತ್ತು ಪರದೆ ತಾನಾಗಿ ಹಳದಿಗೆ ತಿರುಗುವ ಸೆಟ್ಟಿಂಗ್ ಇರುತ್ತಲ್ವಾ, ಅದನ್ನೂ ಆಫ್ ಮಾಡಿಯೇ ಕೂರುತ್ತೇನೆ.