ಸೂರಕ್ಕಿ ಫೋಟೊ ಬೇಕಾ? ಹಿಂದೆ ಓಡಬೇಡಿ

ಲಾಲ್‌ಬಾಗಿಗೋ ಮನೆ ಹಿತ್ತಲಿಗೋ ಕ್ಯಾಮೆರಾ ಹಿಡಿದು ಹೊರಟವರಿಗೆ ಒಂದು ಮಾತು. ಹೂ ಬಿಟ್ಟ ದಾಸವಾಳದ ಗಿಡ ನೋಡಿಕೊಂಡು, ಹತ್ತು ಹೆಜ್ಜೆ ದೂರ ಸುಮ್ನೆ ಕೂತುಬಿಡಿ. ಹೂವಿನ ಮಕರಂದ ಹೀರುವ ಪುಟ್ಟ ಹಕ್ಕಿ ಸೂರಕ್ಕಿ (ಸನ್‌ಬರ್ಡ್) ಅದೇ ಗಿಡಕ್ಕೆ ಮತ್ತೆ ಮತ್ತೆ ಬರುತ್ತದೆ. ಬಿಸಿಲು ನಿಮ್ಮ ಬೆನ್ನಿಗಿರಲಿ. ಗಂಡು ಹಕ್ಕಿಯ ಕತ್ತಿನ ಮಿರುಗು ಬಣ್ಣ ಕಾಣೋದು ಬೆಳಕು ಸರಿಯಾದ ಕೋನದಲ್ಲಿ ಬಿದ್ದಾಗ ಮಾತ್ರ. ಎದುರು ಬಿಸಿಲಲ್ಲಿ ತೆಗೆದರೆ ಬರೀ ಕಪ್ಪು. ನನ್ನ ಹತ್ತಿರ ಅಂಥ ಕಪ್ಪು ಫೋಟೊ ಒಂದು ರಾಶಿಯೇ ಇದೆ! ಶಟರ್ ಸ್ಪೀಡ್ (ಶಟರ್ ತೆರೆದಿರುವ ಹೊತ್ತು) 1/1000 ಸೆಕೆಂಡ್ ಆದರೂ ಇರಲಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿದರೆ ಏರಲಿ. ಫೋಕಸ್ ಕಣ್ಣಿಗೆ, ಕೊಕ್ಕಿಗಲ್ಲ. ಮೊಬೈಲ್ ಮಾತ್ರ ಇದೆಯಾ? ಹಕ್ಕಿ ಬಿಡಿ, ಹೂವನ್ನೇ ತೆಗೆಯಿರಿ. ದಾಸವಾಳದ ಕೆಂಪಿಗೆ ಮೋಡದ ಬೆಳಕೇ ಚೆಂದ. ಗೂಡು ಕಂಡರೆ ಮಾತ್ರ ಎಲೆ ಸರಿಸಲು ಹೋಗಬೇಡಿ, ದೂರದಿಂದಲೇ ವಾಪಸ್ ಬನ್ನಿ.