ಕಾಸರಗೋಡಿನ ಬೋಟಿಗೆ ಮಲ್ಪೆಯ ನಂಬರ್ ಮಾಡಿಸಿದ್ದು

ಕಳೆದ ವರ್ಷ ಮೇ ತಿಂಗಳಲ್ಲಿ ಕಾಸರಗೋಡಿನ ಕಡೆಯಿಂದ ಒಂದು ಹಳೇ ಫೈಬರ್ ಬೋಟ್ ತೆಗೆದುಕೊಂಡೆ. 32 ಅಡಿ, ಒಳಗೇ ಎಂಜಿನ್. ರೇಟ್ ಮಾತಾಡಿ ಮುಗಿಸಿದ್ದು ಅರ್ಧ ದಿನದಲ್ಲಿ, ಕಾಗದ ಮುಗಿಯಲು ಮಾತ್ರ ಎರಡು ತಿಂಗಳು ಬೇಕಾಯಿತು.

ಕೇರಳದ ನೋಂದಣಿ ಉಂಟಲ್ಲ, ಇಲ್ಲೂ ಹಾಗೇ ಬಲೆ ಬಿಡಬಹುದು ಅಂದುಕೊಂಡಿದ್ದೆ. ಆಗುವುದಿಲ್ಲ. ದಡದಿಂದ 12 ನಾಟಿಕಲ್ ಮೈಲಿವರೆಗೆ ಆಯಾ ರಾಜ್ಯದ ಕಾನೂನು, ನಮ್ಮಲ್ಲಿ 1986ರ ಕಾಯ್ದೆ. ನೋಂದಣಿ ಬೇರೆ, ಮೀನು ಹಿಡಿಯುವ ಲೈಸೆನ್ಸ್ ಬೇರೆ, ಎರಡೂ ಬೇಕು. ಅರ್ಜಿ ರಿಯಲ್‌ಕ್ರಾಫ್ಟ್ ಎಂಬ ಆನ್‌ಲೈನ್ ಪೋರ್ಟಲ್‌ನಲ್ಲಿ ಹಾಕಬೇಕು, ಅದಕ್ಕೂ ಮೊದಲು ಹಳೇ ನೋಂದಣಿ ಇದ್ದ ಕಡೆಯಿಂದ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಎಂಬ ಪತ್ರ, ತರಬೇಕು.

ನಾನು ಸಿಕ್ಕಿಬಿದ್ದದ್ದು ಅಲ್ಲೇ. ಇಲಾಖೆಯವರು ಬೋಟಿನ ಅಳತೆಗೆ ಬರುವ ಮೊದಲು ಒಮ್ಮೆ ನೋಡಿಕೊಳ್ಳೋಣ ಅಂತ ಮೆಕ್ಯಾನಿಕ್‌ನನ್ನು ಕರೆದುಕೊಂಡು ಹೋದೆ. ಎಂಜಿನ್ ನಂಬರ್ ಕಾಣುತ್ತಲೇ ಇರಲಿಲ್ಲ, ಒಂದರ ಮೇಲೊಂದು ಪೈಂಟ್, ಅದರ ಮೇಲೆ ಗ್ರೀಸ್. ಸೀಮೆಎಣ್ಣೆ ಹಾಕಿ ಉಜ್ಜಿ, ಸ್ಯಾಂಡ್‌ಪೇಪರ್ ಹಿಡಿದು ಅರ್ಧ ಗಂಟೆ ಕುಳಿತ ಮೇಲೆ ಅಂಕಿ ಒಂದೊಂದಾಗಿ ಎದ್ದು ಬಂತು. ಆರ್‌ಸಿ ಪಕ್ಕದಲ್ಲಿ ಹಿಡಿದು ನೋಡಿದ ಅವನು, "ಮಾರಾಯ್ರೇ, ಇದು ಆ ಎಂಜಿನ್ ಅಲ್ವೇ ಅಲ್ಲ" ಅಂದ. ಮಾರಿದವರು ಎಂದೋ ಎಂಜಿನ್ ಬದಲಿಸಿದ್ದರು, ದಾಖಲೆಯಲ್ಲಿ ಬದಲಿಸಿರಲಿಲ್ಲ. ಮೋಸ ಮಾಡಬೇಕು ಅಂತ ಅಲ್ಲ, ಮರೆತದ್ದು. ಆದರೂ ಅದನ್ನು ಅಲ್ಲಿಯೇ ಸರಿ ಮಾಡಿಸಿ, ಆಮೇಲೆ ಎನ್‌ಒಸಿ ತರಲು ಮೂರು ಸಲ ಕಾಸರಗೋಡಿಗೆ ಓಡಾಡಿದೆ. ಬಾಕಿ ಹಣ ಇನ್ನೂ ನನ್ನ ಕೈಯಲ್ಲಿತ್ತು, ಹಾಗಾಗಿ ಅವರೂ ಪ್ರತಿ ಸಲ ಜೊತೆಗೆ ಬಂದರು. ಪೂರ್ತಿ ಕೊಟ್ಟಿದ್ದರೆ ಫೋನ್ ಎತ್ತುತ್ತಿದ್ದರೋ ಇಲ್ಲವೋ.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಹೇಗೂ ಮೀನುಗಾರಿಕೆ ನಿಷೇಧ. ಬೋಟ್ ಮೇಲೆ ಎಳೆದು ಇಟ್ಟಿದ್ದ ಆ ದಿನಗಳಲ್ಲೇ ಇದೆಲ್ಲ ಆಯಿತು, ಇಲ್ಲದಿದ್ದರೆ ಸೀಸನ್ನೇ ಹೋಗುತ್ತಿತ್ತು.

ಫೀಸ್ ಎಷ್ಟು ಅಂತ ಎಲ್ಲರೂ ಮೊದಲು ಕೇಳುತ್ತಾರೆ. ನನಗೆ ಅದು ಭಾರ ಅನ್ನಿಸಲಿಲ್ಲ, ಆನ್‌ಲೈನ್‌ನಲ್ಲೇ ಕಟ್ಟಿದೆ. ಜಾಸ್ತಿ ಹೋದದ್ದು ಓಡಾಟಕ್ಕೆ, ಇನ್ಶೂರೆನ್ಸ್‌ಗೆ, ಲೈಫ್ ಜಾಕೆಟ್‌ಗೆ. ತೆರಿಗೆ ವಿನಾಯಿತಿಯ ಡೀಸೆಲ್ ಬೇಕಿದ್ದರೂ ಕಾಗದ ಸರಿ ಇರಲೇಬೇಕು.

ಕೆಲವು ಗೆಳೆಯರು ರಜೆಯಲ್ಲಿ ಟೂರಿಸ್ಟ್‌ಗಳನ್ನು ಸೇಂಟ್ ಮೇರೀಸ್ ದ್ವೀಪಕ್ಕೆ ಕರೆದುಕೊಂಡು ಹೋಗು, ಒಳ್ಳೆ ದುಡ್ಡು ಅಂದರು. ಮೀನುಗಾರಿಕೆ ಬೋಟಿನಲ್ಲಿ ಅದು ಮಾಡುವ ಹಾಗಿಲ್ಲ, ಅದಕ್ಕೆ ಬೇರೆಯೇ ಪರವಾನಗಿ. ಏನಾದರೂ ಆದರೆ ಆ ಜೀವಗಳಿಗೆ ಯಾರು ಹೊಣೆ? ನಾನು ಒಪ್ಪಲಿಲ್ಲ.

ಜುಲೈ ಕೊನೆಯಲ್ಲಿ ನಂಬರ್ ಬಂತು. ಹಳೇ ಕೆಎಲ್ ಅಕ್ಷರ ಪೂರ್ತಿ ಉಜ್ಜಿ ತೆಗೆಸಿ, ಮುಂಭಾಗದ ಎರಡೂ ಬದಿಗೆ ಐಎನ್‌ಡಿ-ಕೆಎ-02 ಅಂತ ಶುರುವಾಗುವ ಹೊಸ ನಂಬರ್ ಬರೆಸಿದೆ. ಮಳೆ ಬಿಡಲಿಲ್ಲ, ಪೈಂಟ್ ಒಣಗುವವರೆಗೆ ಟಾರ್ಪಾಲ್ ಹಿಡಿದು ನಿಂತಿದ್ದೆವು.