ಸೋತ ಪಂದ್ಯಗಳಲ್ಲಿ ಸಿಕ್ಕ ಆಟಗಾರರು: ನನ್ನ ಅನುಭವ

ಗೆದ್ದ ಪಂದ್ಯ ನೋಡಿ ಯಾವ ಹುಡುಗನ ಬಗೆಗೂ ತೀರ್ಪು ಬರೆಯಬಾರದು ಎಂದು 2019ರ ಕೊನೆಯಲ್ಲಿ ನಿಶ್ಚಯಿಸಿದೆ. ನನ್ನಂತೆಯೇ ಫುಟ್‌ಬಾಲ್ ಆಟಗಾರರ ಮೇಲೆ ವರದಿ ಬರೆಯುವ ನಾಲ್ಕೈದು ಗೆಳೆಯರಿಗೆ ಇದನ್ನು ಹೇಳಿದಾಗ ಒಬ್ಬರೂ ಒಪ್ಪಲಿಲ್ಲ. ‘ಸೋಲುವ ತಂಡದಲ್ಲಿ ಎಲ್ಲರೂ ಕಳಪೆಯಾಗಿಯೇ ಕಾಣುತ್ತಾರೆ, ಅಲ್ಲಿ ಏನು ಹುಡುಕುತ್ತೀರಿ?’ ಎಂದರು. ಅವರಲ್ಲಿ ಇಬ್ಬರು ಈಗ ನನ್ನ ನೋಟ್‌ಬುಕ್ಕಿನ ನಮೂನೆಯನ್ನು ಕೇಳಿ ಪಡೆದಿದ್ದಾರೆ. ಹಾಗಾಗಿ ನಡೆದದ್ದನ್ನು ಬರೆದಿಡುತ್ತಿದ್ದೇನೆ.

ಈ ನಿಶ್ಚಯಕ್ಕೆ ಬರಲು ನಾನು ಎರಡು ಸಲ ಪೆಟ್ಟು ತಿಂದಿದ್ದೆ. ಮೊದಲನೆಯದು ರೆನಾಟೊ ಸ್ಯಾಂಚಸ್. 2016ರ ಯೂರೊದಲ್ಲಿ, ಅಂದರೆ ಯುರೋಪಿನ ದೇಶಗಳ ಟೂರ್ನಿಯಲ್ಲಿ, ಪೋರ್ಚುಗಲ್ ಗೆದ್ದಿತು, ಟೂರ್ನಿಯ ಶ್ರೇಷ್ಠ ಯುವ ಆಟಗಾರ ಅವನೇ ಆದ. ಜರ್ಮನಿಯ ಬಯರ್ನ್ ಮ್ಯೂನಿಕ್ ಕ್ಲಬ್ ಸುಮಾರು 35 ಮಿಲಿಯನ್ ಯೂರೊ ಕೊಟ್ಟು ಅವನನ್ನು ಕೊಂಡಿತ್ತು. ಮುಂದಿನ ಹತ್ತು ವರ್ಷ ಯುರೋಪಿನ ಮಿಡ್‌ಫೀಲ್ಡ್ ಈ ಹುಡುಗನದೇ ಎಂದು ನಾನು ಬರೆದೆ. 2017ರಲ್ಲಿ ಅವನು ಒಂದು ಋತುವಿನ ಎರವಲಿನ ಮೇಲೆ ಸ್ವಾನ್ಸಿ ಕ್ಲಬ್‌ಗೆ ಹೋದ, ಆ ಋತುವಿನ ಕೊನೆಗೆ ಸ್ವಾನ್ಸಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಿಂದಲೇ ಕೆಳಗಿನ ಲೀಗ್‌ಗೆ ಇಳಿಯಿತು. ಎರಡನೆಯದು ಜೊವಾವ್ ಫೆಲಿಕ್ಸ್. 2018-19ರಲ್ಲಿ ಅವನ ಕ್ಲಬ್ ಬೆನ್ಫಿಕಾ ಪೋರ್ಚುಗಲ್ ಲೀಗನ್ನು ಗೆದ್ದಾಗ ಅವನ ಮೇಲೆ ಏಳು ಪುಟ ಬರೆದಿದ್ದೆ. ಸ್ಪೇನ್‌ನ ಅಟ್ಲೆಟಿಕೊ ಮ್ಯಾಡ್ರಿಡ್ ಅವನಿಗಾಗಿ 126 ಮಿಲಿಯನ್ ಯೂರೊ ಸುರಿಯಿತು. ಕೆಲವೇ ತಿಂಗಳಲ್ಲಿ ನನ್ನ ಏಳು ಪುಟಗಳು ಸುಳ್ಳಾಗತೊಡಗಿದವು. ಮುಂದೆ ಅಲ್ಲಿ ಅವನಿಗೆ ಸ್ಪೇನ್ ಲೀಗ್ ಪ್ರಶಸ್ತಿಯೂ ಸಿಕ್ಕಿತು, ಆದರೆ ಕೊಟ್ಟ ಹಣದ ತೂಕಕ್ಕೆ ಅವನ ಆಟ ಏರಲಿಲ್ಲ.

ಬೆನ್ಫಿಕಾದ ಪಂದ್ಯಗಳನ್ನು ಮತ್ತೆ ಹಾಕಿಕೊಂಡು ನೋಡಿದೆ. ತಪ್ಪು ಆಗ ಕಣ್ಣಿಗೆ ಬಿತ್ತು. ಚೆಂಡನ್ನು ಬೇರೆ ಯಾರೋ ಕಸಿದು, ಬೇರೆ ಯಾರೋ ಸಾಗಿಸಿ, ಗೋಲಿನತ್ತ ಮುಖ ಮಾಡಿ ನಿಂತ ಅವನ ಕಾಲಿಗೆ ತಂದು ಕೊಡುತ್ತಿದ್ದರು. ನಾನು ಬರೆದದ್ದು ಫೆಲಿಕ್ಸ್‌ನ ವರದಿಯಲ್ಲ, ಬೆನ್ಫಿಕಾದ ವರದಿ.

ಹಣದ ಮಾತು ಹೇಳಿಬಿಡುತ್ತೇನೆ. ಸ್ಯಾಂಚಸ್ ವಿಷಯದಲ್ಲಿ ಎಡವಿದ ಮೇಲೆ ಕಣ್ಣನ್ನು ನಂಬುವುದೇ ಬೇಡವೆಂದು ಅಂಕಿಅಂಶ ಒದಗಿಸುವ ಒಂದು ಸೇವೆಗೆ ವಾರ್ಷಿಕ ಚಂದಾ ಕಟ್ಟಿದೆ. ನನ್ನ ಹೆಚ್ಚುಕಡಿಮೆ ಎರಡು ತಿಂಗಳ ಸಂಬಳ ಹೋಯಿತು. ಮರುವರ್ಷವೂ ಕಟ್ಟಿದೆ. ಆ ಅಂಕಿಗಳು ಸುಳ್ಳಲ್ಲ, ಆದರೆ ದೊಡ್ಡ ಕ್ಲಬ್‌ನಲ್ಲಿ ಆಡುವವನಿಗೆ ಅಂಕಿಯೂ ದೊಡ್ಡದಾಗಿಯೇ ಬರುತ್ತದೆ. ಫೆಲಿಕ್ಸ್‌ನ ಏಳು ಪುಟಗಳಲ್ಲಿ ಮೂರು ಪುಟ ತುಂಬ ಆ ಅಂಕಿಗಳೇ ಇದ್ದವು. ಅದರ ಜೊತೆಗೆ ಪಂದ್ಯಗಳನ್ನು ತುಂಬಿಟ್ಟಿದ್ದ ಹಾರ್ಡ್ ಡಿಸ್ಕ್ ಕೆಟ್ಟು ನೂರಮೂವತ್ತೋ ನೂರನಲವತ್ತೋ ಪಂದ್ಯಗಳು ಹೋದವು. ಚಂದಾ ನಿಲ್ಲಿಸಿದೆ. ಉಳಿದ ಹಣದಲ್ಲಿ ಚಿಕ್ಕ ಲೀಗ್‌ಗಳ ಪೂರ್ಣ ಪಂದ್ಯ ತೋರಿಸುವ ಒಂದು ಸೇವೆ ಹಿಡಿದೆ, ಖರ್ಚು ಮೊದಲಿನ ಆರನೆಯ ಒಂದು ಪಾಲು.

ಆಮೇಲಿನ ಕೆಲಸ ಹೀಗೆ ನಡೆಯಿತು. ಒಂದು ಪಂದ್ಯಕ್ಕೆ ಒಬ್ಬನೇ ಆಟಗಾರ. ಅವನ ತಂಡ ಸೋತಿರಬೇಕು, ಕೊನೆಯ ಅರ್ಧ ಗಂಟೆಯಲ್ಲಾದರೂ ಹಿಂದೆ ಬಿದ್ದಿರಬೇಕು ಅಥವಾ ಹಿಡಿತ ತಪ್ಪಿರಬೇಕು. ಒಬ್ಬನಿಗೆ ಇಂಥ ಆರು ಪಂದ್ಯ ಸಿಗುವವರೆಗೆ ಒಂದು ಸಾಲೂ ಬರೆಯುವುದಿಲ್ಲ. ಚೆಂಡು ಬರುವ ಮೊದಲು ಎಷ್ಟು ಸಲ ಕತ್ತು ತಿರುಗಿಸಿ ಸುತ್ತ ನೋಡಿದ ಎಂಬುದು ಒಂದು ಅಂಕಣ. ಇದನ್ನು ನಮ್ಮಲ್ಲಿ ಎಲ್ಲರೂ ಎಣಿಸುತ್ತಾರೆ. ಆದರೆ ನಾನು ಹತ್ತನೆಯ ನಿಮಿಷದ ಎಣಿಕೆಯನ್ನೂ ಎಪ್ಪತ್ತೈದನೆಯ ನಿಮಿಷದ ಎಣಿಕೆಯನ್ನೂ ಪಕ್ಕಪಕ್ಕದಲ್ಲಿ ಇಡುತ್ತೇನೆ. ಸೋಲು ಖಚಿತವಾದಾಗ ಹೆಚ್ಚಿನವರ ಕತ್ತು ನಿಂತುಬಿಡುತ್ತದೆ. ಚೆಂಡು ಕಳೆದುಕೊಂಡ ಮೇಲೆ ಮತ್ತೆ ಚೆಂಡು ಕೇಳಲು ಎಷ್ಟು ಹೊತ್ತು ತೆಗೆದುಕೊಂಡ ಎಂಬುದು ಎರಡನೆಯದು. ಸಹ ಆಟಗಾರನ ತಪ್ಪಿಗೆ ತಾನು ಹಿಂದಕ್ಕೆ ಓಡಿದನೇ, ಕೈ ಎತ್ತಿ ದೂರಿದನೇ ಎಂಬುದು ಮೂರನೆಯದು. ನಾಲ್ಕನೆಯ ಅಂಕಣವೂ ಇದೆ, ಅತಿ ಹೆಚ್ಚು ಅಂಕ ಅದಕ್ಕೇ. ಅದನ್ನು ಕಂಡುಕೊಳ್ಳಲು ಮೂರು ವರ್ಷ ಹಿಡಿಯಿತು, ಹಾಗಾಗಿ ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಮೊದಲ ಫಲ ಜಾರ್ಜಿಯಾದಿಂದ ಬಂತು. 2021ರ ಮಾರ್ಚ್‌ನಲ್ಲಿ ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ಟಿಬಿಲಿಸಿಯಲ್ಲಿ ಸ್ಪೇನ್ ವಿರುದ್ಧ ಆ ತಂಡ 1-2ರಿಂದ ಸೋತಿತು. ಜಾರ್ಜಿಯಾದ ಗೋಲು ಹೊಡೆದವನು ಎಡ ಅಂಚಿನ ಖ್ವಿಚಾ ಕ್ವಾರಟ್ಸ್‌ಖೇಲಿಯಾ, ಆಗ ವಯಸ್ಸು ಇಪ್ಪತ್ತು. ಗೋಲು ಎಲ್ಲರಿಗೂ ಕಂಡಿತು. ಸ್ಪೇನ್ ಸಮ ಮಾಡಿ ಇಡೀ ತಂಡವನ್ನು ಹಿಂದಕ್ಕೆ ಒತ್ತಿದ ಮೇಲೂ ಇಬ್ಬರ ನಡುವೆ ನಿಂತು ಅವನು ಚೆಂಡು ಕೇಳುತ್ತಿದ್ದದ್ದು ನನ್ನ ಪುಸ್ತಕದಲ್ಲಿ ದಾಖಲಾಯಿತು. ಅದೇ ವಾರ ಸ್ವೀಡನ್ ವಿರುದ್ಧ ಸೋತ ಪಂದ್ಯವನ್ನೂ ಸೇರಿಸಿಕೊಂಡೆ. ಬೇಸಿಗೆಯ ಹೊತ್ತಿಗೆ ಆರು ಪಂದ್ಯ ಮುಗಿಸಿ ಹತ್ತಕ್ಕೆ ಒಂಬತ್ತು ಕೊಟ್ಟೆ. ಅವನು ರಷ್ಯಾದ ಲೀಗ್‌ನಲ್ಲಿ ಆಡುವವನು, ಇಟಲಿಯಲ್ಲೋ ಇಂಗ್ಲೆಂಡಿನಲ್ಲೋ ಒಂದು ಋತುವೂ ನಿಲ್ಲುವುದಿಲ್ಲ ಎಂದು ಗೆಳೆಯರೊಬ್ಬರು ಖಚಿತವಾಗಿ ಹೇಳಿದರು. 2022ರಲ್ಲಿ ಇಟಲಿಯ ನಾಪೊಲಿ ಸುಮಾರು ಹತ್ತು ಮಿಲಿಯನ್ ಯೂರೊಗೆ ಅವನನ್ನು ಕೊಂಡಿತು. ಮೊದಲ ಋತುವಿನಲ್ಲೇ ತಂಡ 33 ವರ್ಷಗಳ ಬಳಿಕ ಲೀಗ್ ಗೆದ್ದಿತು. ಆ ರಾತ್ರಿ ಆ ಗೆಳೆಯರೇ ಕರೆ ಮಾಡಿದರು.

ಮೊಯ್ಸೆಸ್ ಕೈಸೆಡೊ ವಿಷಯದಲ್ಲಿ ನನಗೆ ಇನ್ನೂ ಹೆಚ್ಚು ಹೆಮ್ಮೆ. ಈಕ್ವೆಡಾರ್‌ನಿಂದ ಅವನನ್ನು ಕೊಂಡ ಇಂಗ್ಲೆಂಡಿನ ಬ್ರೈಟನ್ ಕ್ಲಬ್, 2021ರ ಶರತ್ಕಾಲದಲ್ಲಿ ಬೆಲ್ಜಿಯಂನ ಬೇರ್‌ಸ್ಕಾಟ್‌ಗೆ ಎರವಲು ಕೊಟ್ಟಿತ್ತು. ಆ ತಂಡ ಲೀಗ್‌ನ ತಳದಲ್ಲಿತ್ತು, ಋತುವಿನ ಕೊನೆಗೆ ಕೆಳಗಿನ ಲೀಗ್‌ಗೆ ಇಳಿಯಿತು. ನನ್ನ ವಿಧಾನಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಎಲ್ಲಿ ಸಿಗಬೇಕು? ಎರಡು ಗೋಲು ಹಿಂದಿದ್ದಾಗಲೂ ಅವನ ಕತ್ತು ಮೊದಲಿನ ಹಾಗೆಯೇ ತಿರುಗುತ್ತಿತ್ತು. ಬ್ರೈಟನ್‌ಗೆ ಮರಳಿದ ಮೇಲೆ 2022ರ ಏಪ್ರಿಲ್‌ನಲ್ಲಿ ಪ್ರೀಮಿಯರ್ ಲೀಗ್‌ನಲ್ಲಿ ಅವನ ಮೊದಲ ಪಂದ್ಯ ಆರ್ಸೆನಲ್ ಅಂಗಳದಲ್ಲಿ, ಬ್ರೈಟನ್ 2-1ರಿಂದ ಗೆದ್ದಿತು. ಸುಮಾರು ನಾಲ್ಕೂವರೆ ಮಿಲಿಯನ್ ಪೌಂಡ್‌ಗೆ ಬಂದವನು 2023ರಲ್ಲಿ 115 ಮಿಲಿಯನ್‌ವರೆಗಿನ ಒಪ್ಪಂದದಲ್ಲಿ ಚೆಲ್ಸಿಗೆ ಹೋದ. ಅವನ ಮೇಲಿನ ಹಳೆಯ ವರದಿಯನ್ನು ಮಾದರಿಯಾಗಿ ತೋರಿಸಿದ್ದರಿಂದಲೇ ಒಂದು ಚಿಕ್ಕ ಏಜೆನ್ಸಿ ನನಗೆ ಹಣ ಕೊಟ್ಟು ವರದಿಗಳನ್ನು ಬರೆಸಿಕೊಂಡಿತು. ಅಂಕಿಅಂಶದ ಚಂದಾಕ್ಕೆ ಕಳೆದದ್ದು ಪೂರ್ತಿ ವಾಪಸಾಯಿತು, ಮೇಲೆ ಒಂದು ತಿಂಗಳ ಸಂಬಳದಷ್ಟು ಉಳಿಯಿತು.

ನಡುವೆ ಕೆಲವು ಅಡ್ಡ ಪ್ರಯೋಗಗಳನ್ನೂ ಮಾಡಿದೆ. ವಿಡಿಯೊವನ್ನು ಕನ್ನಡಿಯಂತೆ ಎಡಬಲ ಮಾಡಿ, ಧ್ವನಿ ನಿಲ್ಲಿಸಿ ನೋಡಿದೆ. ಎಡಗಾಲಿನವರಿಗೆ ನಾನು ಸುಮ್ಮನೆ ಅರ್ಧ ಅಂಕ ಹೆಚ್ಚು ಕೊಡುತ್ತಿದ್ದೆ ಎಂಬುದು ಆಗ ಗೊತ್ತಾಯಿತು. ಅವರ ಆಟ ಕಣ್ಣಿಗೆ ಅಂದ, ಅಷ್ಟೇ. ಇನ್ನೊಮ್ಮೆ 17 ವರ್ಷದೊಳಗಿನ ಕೆಲವು ತಂಡಗಳ ಆಟಗಾರರ ಜನ್ಮದಿನಗಳನ್ನು ಬರೆದುಕೊಂಡೆ. ಜನವರಿಯಿಂದ ಮಾರ್ಚ್‌ವರೆಗೆ ಹುಟ್ಟಿದವರೇ ಕಿಕ್ಕಿರಿದಿದ್ದರು. ವಯಸ್ಸಿನ ಲೆಕ್ಕ ಜನವರಿ ಒಂದರಿಂದ ಶುರುವಾಗುವುದರಿಂದ ವರ್ಷದ ಕೊನೆಗೆ ಹುಟ್ಟಿದ ಹುಡುಗ ತನಗಿಂತ ಹತ್ತು ತಿಂಗಳು ದೊಡ್ಡವರೊಡನೆ ಭುಜ ತಾಗಿಸಬೇಕು. ಕೈಸೆಡೊ ನವೆಂಬರ್‌ನವನು, ಸ್ಪೇನ್‌ನ ಪೆಡ್ರಿಯೂ ನವೆಂಬರ್‌ನವನು. ಅಂದಿನಿಂದ ನವೆಂಬರ್, ಡಿಸೆಂಬರ್‌ನ ಹುಡುಗ ಯುವ ತಂಡದಲ್ಲಿ ಕಂಡರೆ ಮೊದಲು ಅವನನ್ನೇ ನೋಡುತ್ತೇನೆ.

ಗೋಲ್‌ಕೀಪರ್‌ಗಳ ವಿಷಯದಲ್ಲಿ ವಿಧಾನ ಪೂರ್ತಿ ಕೆಟ್ಟಿತು. ಸೋಲುವ ತಂಡದ ಕೀಪರ್‌ಗೆ ಚೆಂಡು ತಡೆಯುವುದೇ ಕೆಲಸವಾದ್ದರಿಂದ ಎಲ್ಲರೂ ವೀರರಾಗಿ ಕಾಣುತ್ತಾರೆ. ನಾನು ಮೆಚ್ಚಿದ ಐವರಲ್ಲಿ ಒಬ್ಬನೂ ಮೇಲೆ ಬರಲಿಲ್ಲ. ಅವರ ಮೇಲೆ ಈಗ ಬರೆಯುವುದಿಲ್ಲ. ಸ್ಪೇನ್‌ನಂತಹ ತಂಡದ ಮುಂದೆಯೂ ನೋಟ್‌ಬುಕ್ಕು ಸುಮ್ಮನಾಗುತ್ತದೆ. 2024ರ ಯೂರೊದಲ್ಲಿ ಅವರು ಏಳಕ್ಕೆ ಏಳೂ ಗೆದ್ದರು. ಸೆಮಿಫೈನಲ್‌ನಲ್ಲಿ ಫ್ರಾನ್ಸ್ ಮುಂದಿದ್ದಾಗ ಹದಿನಾರರ ಲಮೀನ್ ಯಮಾಲ್ ದೂರದಿಂದ ಹೊಡೆದು ಸಮ ಮಾಡಿದ. ಆ ಪಂದ್ಯದಲ್ಲಿ ಸ್ಪೇನ್ ಹಿಂದೆ ಬಿದ್ದ ಹನ್ನೆರಡು ಹದಿಮೂರು ನಿಮಿಷಗಳಷ್ಟೇ ನನಗೆ ದಕ್ಕಿದ್ದು. ಅವನನ್ನು ಅಳೆಯಲು ನನ್ನ ಅಂಕಣಗಳು ಬೇಕಿರಲಿಲ್ಲ, ಅದು ಬೇರೆ ಮಾತು.

ಆದರೂ ರಾಷ್ಟ್ರೀಯ ತಂಡದ ಪಂದ್ಯಗಳನ್ನು ನಾನು ಕ್ಲಬ್ ಪಂದ್ಯಗಳಿಗಿಂತ ಹೆಚ್ಚು ನಂಬುವುದಕ್ಕೆ ಕಾರಣವಿದೆ. ಕ್ಲಬ್‌ಗೆ ಕೊರತೆ ಬಿದ್ದರೆ ಕೊಂಡು ತುಂಬುತ್ತದೆ. ಜಾರ್ಜಿಯಾಕ್ಕೆ ಹಾಗೆ ಮಾಡಲಾಗದು, ಇದ್ದ ಹನ್ನೊಂದು ಮಂದಿಯೇ ಆಡಬೇಕು. ಅದೇ ಜಾರ್ಜಿಯಾ 2024ರ ಯೂರೊದಲ್ಲಿ ಪೋರ್ಚುಗಲ್ಲನ್ನು 2-0ರಿಂದ ಮಣಿಸಿತು, ಎರಡನೆಯ ನಿಮಿಷದಲ್ಲೇ ಗೋಲು ಹೊಡೆದವನು ಕ್ವಾರಟ್ಸ್‌ಖೇಲಿಯಾ. ಆ ಪಂದ್ಯವನ್ನು ಪೆನ್ನು ಕೆಳಗಿಟ್ಟು ಸುಮ್ಮನೆ ನೋಡಿದೆ. ಗೆದ್ದ ಪಂದ್ಯವಾದ್ದರಿಂದ ಪುಸ್ತಕಕ್ಕೆ ಸೇರಿಸಲಿಲ್ಲ.